ಅಕ್ಕ ಮೊಣಕಾಲಲ್ಲಿ ತಳ್ಳುತ್ತಿದ್ದ ಬಾಗಿಲು

ಕ್ಯಾಲನೂರಿನ ಅಕ್ಕನ ಅಡುಗೆಮನೆಗೆ ಹನ್ನೊಂದು ಕಬೋರ್ಡ್ ಬಾಗಿಲು ಮಾಡಿದವನು ನಾನು. ಹನ್ನೊಂದರಲ್ಲಿ ಒಂದೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಬಡಗಿ ನಾನು, ಬರೆದು ರೂಢಿಯಿಲ್ಲ. ಆದರೂ ಈ ತಪ್ಪನ್ನು ನಾನೇ ಬರೆಯಬೇಕು ಅನಿಸಿದೆ.

ಗೃಹಪ್ರವೇಶಕ್ಕೆ ತವರಿನವರು ಬರಿಗೈಲಿ ಹೋಗುವಂತಿಲ್ಲ. ಅಪ್ಪ ಅಮ್ಮ ಇಲ್ಲದ ಮೇಲೆ ಅಕ್ಕನಿಗೆ ನಾನೇ ತವರು. ಸೀರೆ, ಪಾತ್ರೆಯ ಬದಲು ಅಡುಗೆಮನೆಯ ಮರಗೆಲಸ ಮಾಡಿಕೊಡುತ್ತೇನೆ ಎಂದೆ. ಕೋಲಾರದ ಅಂಗಡಿಯವರಿಗೆ ಕೊಡೋಣ ಎಂದಿದ್ದ ತನ್ನ ಅತ್ತೆಯ ಎದುರು ಅಕ್ಕ ಹಟ ಹಿಡಿದು ನನ್ನನ್ನು ಕರೆಸಿದಳು.

ಮಾಲೂರಿನ ಒಂದು ಕೆಲಸದಲ್ಲಿ ಉಳಿದಿದ್ದ ತೆಳು ಪ್ಲೈವುಡ್ ನನ್ನ ಬಳಿ ಇತ್ತು. ಅಕ್ಕನ ಮನೆಗೆ ಅದೇ ಸಾಕು ಅಂದುಕೊಂಡೆ. ಬಾಗಿಲನ್ನು ತಾನಾಗಿಯೇ ಎಳೆದು ಮುಚ್ಚುವ ಈಗಿನ ಆಟೋ ಹಿಂಜ್ ಕೂರಿಸಬೇಕಾದರೆ ಬಾಗಿಲಿನ ಹಿಂಬದಿಯಲ್ಲಿ ಬಟ್ಟಲಿನಂಥ ಗುಂಡಿ ಕೊರೆಯಬೇಕು. ಹಿಂಜ್‌ನ ತಲೆ ಅದರೊಳಗೆ ಪೂರ್ತಿ ಇಳಿಯಬೇಕು. ನನ್ನ ಹಲಗೆಯನ್ನು ಅಷ್ಟು ಆಳ ಕೊರೆದರೆ ಮುಂಬದಿಗೆ ಅಂಟಿಸಿದ ಸನ್‌ಮೈಕ ಹಾಳೆ ತೂತಾಗುತ್ತಿತ್ತು. ಅರ್ಧಕ್ಕೇ ನಿಲ್ಲಿಸಿದೆ. ಹಿಂಜ್ ಮೇಲೆದ್ದುಕೊಂಡೇ ಕೂತಿತು. ಸ್ಕ್ರೂ ಕೊನೆಯವರೆಗೆ ತಿರುಗಿಸಿದರೂ ಬಾಗಿಲು ಬೆರಳಷ್ಟು ಹೊರಗೇ ನಿಂತಿತು. ಪೂಜೆಯ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ನನಗೆ ಗೊತ್ತಿತ್ತು.

ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದಳು. ನಾನು ಹೋದಾಗ ಅತ್ತೆ ಅಡುಗೆಮನೆಯಲ್ಲೇ ನಿಂತಿದ್ದರು. ಮುಳಬಾಗಿಲು ಕಡೆಯವರು, ಮಾತಿನಲ್ಲಿ ತೆಲುಗು ಇಣುಕುತ್ತದೆ.

"ಏಮಪ್ಪಾ, ನಮ್ ತಮ್ಮನ ಕೆಲ್ಸ ಅಂದ್ರೆ ಸುಮ್ನೇನಾ ಅಂತ ನಿಮ್ಮಕ್ಕ ಊರೆಲ್ಲಾ ಹೇಳ್ಕೊಂಡ್ ಬಂದ್ಲು. ಒಳಗೆ ಹಲ್ಲಿ ಸಂಸಾರ ಹೂಡೈತೆ, ನೋಡ್ಬಾ."

ಒಂದು ಬಾಗಿಲ ಮೇಲೆ ಒದ್ದೆ ಬಟ್ಟೆ ತೂಗುತ್ತಿತ್ತು. ಒಂದೇ ಒಂದು. ನನಗೆ ಅಷ್ಟು ಸಾಕಾಯಿತು.

"ಕೆಲ್ಸ ಚೆನ್ನಾಗೇ ಐತಮ್ಮಾ. ಅಕ್ಕ ಬಾಗ್ಲಿಗೆ ಬಟ್ಟೆ ನೇತಾಕ್ತಾಳೆ. ಭಾರಕ್ಕೆ ಹಿಂಜ್ ಬಗ್ಗೋಗೈತೆ."

ಒಲೆಯ ಮುಂದಿದ್ದ ಅಕ್ಕ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ, "ಹೂಂ, ನಂದೇ ತಪ್ಪು. ಇನ್ಮೇಲೆ ಹಾಕಲ್ಲ" ಎಂದಳು.

ಅಲ್ಲಿಂದ ನಾಲ್ಕು ವರ್ಷ ಅಕ್ಕ ಆ ಬಾಗಿಲುಗಳನ್ನು ಮೊಣಕಾಲಲ್ಲಿ ತಳ್ಳಿ ತಳ್ಳಿ ಮುಚ್ಚುತ್ತಿದ್ದಳು. ನಾನು ಊಟಕ್ಕೆ ಕೂತಾಗಲೆಲ್ಲ ಆ ಸದ್ದು. ಅದರ ಹಿಂದೆಯೇ ಅತ್ತೆಯ ಮಾತು: "ನಮ್ ಸೊಸೆ ಕೈಗೆ ಸಿಕ್ಕಿದ್ರೆ ಕಬ್ಬಿಣಾನೂ ಬಗ್ಗುತ್ತೆ." ಅಕ್ಕ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಹೋದ ವರ್ಷ ಲಕ್ಕೂರಿನ ಒಂದು ಮನೆಯಿಂದ ಕರೆ ಬಂತು. ಅಲ್ಲಿಯೂ ಬಾಗಿಲು ಮುಚ್ಚುತ್ತಿರಲಿಲ್ಲ. ಹಿಂಜ್ ಬಿಚ್ಚಿ ನೋಡಿದರೆ ಅರ್ಧ ಕೊರೆದ ಗುಂಡಿ.

"ಯಾವನಮ್ಮಾ ಇದನ್ನ ಮಾಡಿದ್ದು? ಗುಂಡಿನೇ ಸರಿಯಾಗಿ ತೆಗ್ದಿಲ್ಲ!"

"ಹೌದಾ ಅಣ್ಣಾ? ನೀವೇ ಟವೆಲ್ ನೇತಾಕಿ ಕೆಡಿಸಿದ್ದೀರಾ ಅಂದ್ರು ಆ ಬಡಗಿ. ಮನೆಯವ್ರ ಕೈಲಿ ಎಷ್ಟು ಬೈಸ್ಕೊಂಡಿದ್ದೀನಿ ಗೊತ್ತಾ?" ಎಂದರು ಆ ಹೆಂಗಸು.

 ನನ್ನ ಅಕ್ಕನಿಗೆ ಹೀಗೆ ಹೇಳಿಕೊಳ್ಳಲೂ ಒಬ್ಬರಿರಲಿಲ್ಲ. ಅವಳು ಹೇಳಿಕೊಳ್ಳಬೇಕಾದ ತಮ್ಮನೇ ನಾನು.

ದಪ್ಪ ಪ್ಲೈವುಡ್ ತಂದು ಹನ್ನೊಂದು ಹೊಸ ಬಾಗಿಲು ಮಾಡಿದೆ. ಒಂದೊಂದು ಗುಂಡಿಯ ಆಳವನ್ನೂ ಅಳೆದೆ. ಕ್ಯಾಲನೂರಿನಲ್ಲಿ ಅವನ್ನು ಕೂರಿಸಿ ಮುಗಿಸುವ ಹೊತ್ತಿಗೆ ಅತ್ತೆ ಡೈರಿಗೆ ಹಾಲು ಹಾಕಿ ಬಂದರು. ಅಕ್ಕನೂ ಅಲ್ಲೇ ಇದ್ದಳು.

"ಅಮ್ಮಾ, ಆವತ್ತು ನಾನು ಸುಳ್ಳು ಹೇಳ್ದೆ. ಅಕ್ಕಂದೇನೂ ತಪ್ಪಿರ್ಲಿಲ್ಲ. ನಂದೇ ಕೆಲ್ಸ ಕೆಟ್ಟಿತ್ತು."

ಅವರು ಖಾಲಿ ಕ್ಯಾನು ಕೆಳಗಿಟ್ಟು ಸೂರಿನ ಹತ್ತಿರದ ಕಬೋರ್ಡು ತೋರಿಸಿದರು.

"ಆ ಬಾಗ್ಲೂ ಮುಚ್ತಾ ಇರ್ಲಿಲ್ಲ ಕಣಪ್ಪಾ. ಏಣಿ ಹತ್ತಿ ಅಲ್ಲಿ ಬಟ್ಟೆ ಒಣಗಾಕ್ತಿದ್ಲಾ ನಿಮ್ಮಕ್ಕ?"

"ಗೊತ್ತಿದ್ದೂ ಅವಳನ್ನ ಆಡ್ಕೊಂಡ್ರಲ್ಲಾ?"

"ಅವಳ್ನಲ್ಲ, ನಿನ್ನ. ನೀನು ಬಂದಾಗ ಬಿಟ್ಟು ಇನ್ಯಾವಾಗ ಅಂದಿದ್ದೀನಿ, ಕೇಳು ಅವಳ್ನೇ. ತಮ್ಮನ್ನ ಬಿಟ್ಕೊಡಬಾರ್ದು ಅಂತ ಅವ್ಳು ಬಾಯಿ ಮುಚ್ಕೊಂಡ್ಲು. ನಿಂಗೆ ಯಾವಾಗ ಬಾಯಿ ಬರ್ತೈತೋ ಅಂತ ನಾನ್ ಕಾಯ್ತಿದ್ದೆ."

ನಾನು ಅಕ್ಕನ ಕಡೆ ನೋಡಿದೆ. ಕ್ಷಮಿಸು ಎನ್ನುವ ಮಾತು ನಮ್ಮ ನಡುವೆ ಯಾವತ್ತೂ ಬಳಕೆಯಲ್ಲಿಲ್ಲ.

"ಲೇ, ಮುದ್ದೆ ಆರೋಗ್ತೈತೆ. ಕೈ ತೊಳ್ಕೊಂಡು ಕೂತ್ಕೋ" ಎಂದಳು.

ಬಡಿಸುತ್ತಾ ಉಪ್ಪಿಗೆಂದು ಕೆಳಗಿನ ಕಬೋರ್ಡು ತೆಗೆದಳು. ಡಬ್ಬಿ ತೆಗೆದುಕೊಂಡು ಬಾಗಿಲು ಬಿಟ್ಟಳು. ಅದು ತಾನಾಗಿಯೇ ಹೋಗಿ ಚೌಕಟ್ಟಿಗೆ ಅಂಟಿಕೊಂಡಿತು. ಅಷ್ಟರಲ್ಲಿ ಅವಳ ಮೊಣಕಾಲು ಮೇಲೆದ್ದಾಗಿತ್ತು. ಮುಚ್ಚಿದ ಬಾಗಿಲಿಗೇ ಹೋಗಿ ಬಡಿಯಿತು.

ಈಗ ವರ್ಷವಾಗುತ್ತಾ ಬಂತು. ನಾನು ಹೋದಾಗಲೆಲ್ಲ ನೋಡುತ್ತೇನೆ, ಆ ಮೊಣಕಾಲು ಇನ್ನೂ ಮೇಲೇಳುತ್ತದೆ.