ಹನುಮಕ್ಕ ಒಲ್ಲೆ ಅಂದ ಮಾತು

ಉಣ್ಣುವುದಕ್ಕೆ ಹಳೇ ಸ್ಲಾವಿಕ್ ಮಂದಿ ‘ಎಸ್ತಿ’ ಅಂತಿದ್ದರಂತೆ. ಹಾಗಂತ ಬರೆದಿಟ್ಟವರಿಲ್ಲ, ಆಡಿದವರೂ ಉಳಿದಿಲ್ಲ. ರಷ್ಯನ್, ಪೋಲಿಷ್ ಮಾತುಗಳನ್ನು ಹೋಲಿಸಿ ಪಂಡಿತರು ಊಹಿಸಿದ್ದು. ಊಹೆ ಅನ್ನುವ ಗುರುತಿಗೆ ಅದರ ಮುಂದೊಂದು ನಕ್ಷತ್ರ ಹಾಕುತ್ತಾರೆ. ಅದರ ಪಕ್ಕಕ್ಕಿಡಲು ನಮ್ಮ ‘ಉಣ್ಣು’ವಿನ ರೂಪಗಳೂ ಬೇಕೆಂದು ಭಾಷಾಶಾಸ್ತ್ರ ಕಲಿಸುವ ನಮ್ಮ ಸಾರ್ ನನ್ನನ್ನು ಗೋನೆಗಂಡ್ಲ ಅನ್ನುವ ಊರಿನ ಕಡೆ ಅಟ್ಟಿದರು.

ಕುರಿ ಸಾಕುವ ಹನುಮಕ್ಕ ರೊಟ್ಟಿ ಬಡಿಯುತ್ತಲೇ ಉಂಡೆ, ಉಣ್ತೀನಿ ಎಲ್ಲ ಹೇಳಿದಳು. “ಊಟ ಬ್ಯಾಡ ಅನ್ನೋವಾಗ ಏನಂತೀಯಕ್ಕಾ?” ಎಂದೆ. ಆಕೆಯ ಕೈ ನಿಂತಿತು.

“ಒಲಿ ಮುಂದ ಕುಂತು ಆ ಮಾತು ಆಡಬಾರದು ಯಪ್ಪಾ. ಮೊದ್ಲು ನೀ ಉಣ್ಣು.”

ಉಂಡೆ. ಮತ್ತೆ ಕೇಳಿದೆ. ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು, ಆ ಮಾತು ಮಾತ್ರ ಬರಲಿಲ್ಲ.

ಸಾರ್ ಫೋನಿನಲ್ಲಿ ರೇಗಿದರು. “ನಿನಗೆ ಗೊತ್ತಿರೋದನ್ನೇ ಬರೆದು ನಕ್ಷತ್ರ ಹಾಕು!”

“ಕೇಳೋಕೆ ಯಾರೂ ಉಳಿಯದಿದ್ದಾಗ ನಕ್ಷತ್ರ ಸಾರ್. ಹನುಮಕ್ಕ ಗಟ್ಟಿಮುಟ್ಟಾಗಿದ್ದಾಳೆ. ಕೇಳಿದೆ, ಹೇಳೋಕೆ ಒಲ್ಲೆ ಅಂದಳು. ನಾನು ಹಾಕಲ್ಲ.”

ಪಟ್ಟಿಯಲ್ಲಿ ಆ ರೂಪದ ಜಾಗ ಖಾಲಿ ಬಿಟ್ಟೇ ಕಳಿಸಿದೆ. ಬೇಕಿದ್ದರೆ ಸಾರ್ ತಾವೇ ಬರಲಿ. ಆಕೆಯ ಒಲೆ ಮುಂದೆ ಕೂತು, ಬಿಸಿ ರೊಟ್ಟಿ ತಟ್ಟೆಗೆ ಬೀಳುವಾಗ, ಆ ಮಾತನ್ನು ಅವರೇ ಆಡಿ ತೋರಿಸಲಿ.