ಮಂಡಕ್ಕಿ ಲಾರಿಯವನು ಹೇಳಿದ ಘಾಟಿ

ನಮ್ಮ ಯಜಮಾನರು ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತರಾದವರು. ಕೈ ಸುಮ್ಮನಿರಲಿಲ್ಲ, ಎರಡು ಚಕ್ರದ ಮೇಲೆ ಒಂದು ಪುಟ್ಟ ಮನೆಯನ್ನೇ ಕಟ್ಟಿಬಿಟ್ಟರು. ಒಳಗೆ ಇಬ್ಬರು ಮಲಗುವ ಮಂಚ, ಒಲೆ, ನೀರಿನ ಡ್ರಮ್ಮು. ಅದನ್ನು ಜೀಪಿನ ಹಿಂದೆ ಸಿಕ್ಕಿಸಿಕೊಂಡು ಕಡಲ ದಂಡೆಗೆ ಹೋಗಬೇಕೆಂದು ಇಬ್ಬರಿಗೂ ಆಸೆ. ಅಷ್ಟರಲ್ಲಿ ಕಣ್ಣಿನ ಡಾಕ್ಟರು ಅವರಿಗೆ ಸ್ಟೇರಿಂಗ್ ಮುಟ್ಟಬೇಡಿ ಎಂದರು. ಓಡಿಸಲು ಉಳಿದವಳು ನಾನೊಬ್ಬಳೇ.

"ಘಾಟಿ ಎಷ್ಟು ಕಡಿದೈತೆ ಅಂತ ಗೊತ್ತಾಗೋ ತನಕ ಹೊರಡೋದು ಬ್ಯಾಡ. ಇಲ್ಲಾಂದ್ರ ಮಾರಿಬಿಡಾಣ," ಎಂದರು ಇವರು. ದೋಸೆ ಅಂಗಡಿಯವನೊಬ್ಬ ಆಗಲೇ ಎರಡು ಸಲ ಬಂದು ಅದರ ಸುತ್ತ ಸುತ್ತು ಹಾಕಿ ಹೋಗಿದ್ದ. ನನಗೆ ಮೈಯೆಲ್ಲ ಉರಿಯಿತು. ನಾನು ಓಡಿಸುತ್ತೇನೆ ಎಂದಮೇಲೆಯೇ ಇವರಿಗೆ ಘಾಟಿ ಕಡಿದಾಗಬೇಕೆ?

ಫೋನಿನ ನಕಾಶೆ ತಿರುವು ತೋರಿಸಿತು, ಗಂಟೆ ಲೆಕ್ಕ ಹೇಳಿತು, ಏರು ಎಷ್ಟೆಂದು ಮಾತ್ರ ಬಾಯಿ ಬಿಡಲಿಲ್ಲ. ಬಯಲು ಊರಿನವರಾದ ನಮಗೆ ಏರು ಎಂದರೆ ರೈಲ್ವೆ ಮೇಲ್ಸೇತುವೆ. ಕೊನೆಗೆ ಲಾರಿ ಸ್ಟ್ಯಾಂಡಿಗೇ ಹೋದೆ. ಮುಗಿಲೆತ್ತರ ಚೀಲ ಹೇರಿಕೊಂಡು ನಿಂತಿದ್ದ ಲಾರಿಯ ಡ್ರೈವರ್ ನಕ್ಕ. "ದೇವಿಮನೆ ಘಾಟಾ? ಮೂರನೇ ಗೇರಿಗೆ ಹತ್ತತೈತೆ ಬಿಡ್ರಿ ಅಕ್ಕಾರೆ."

ಅಷ್ಟು ಲೋಡಿಗೇ ಮೂರನೇ ಗೇರಾದರೆ ನಮ್ಮದು ಯಾವ ಲೆಕ್ಕ? ಸ್ಕೂಟಿಯಲ್ಲಿ ಕೆ.ಬಿ. ಬಡಾವಣೆಯ ಮನೆಗೆ ಹಾರಿಕೊಂಡೇ ಬಂದೆ.

"ಲೋಡ್ ಏನಿತ್ತು?" ಎಂದು ಇವರು ಕೇಳಿದರು.

"ಮಂಡಕ್ಕಿ."

ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ದಿನಾ ಸಂಜೆ ಮಂಡಕ್ಕಿ ತಿನ್ನುವ ನನಗೆ ಅದಕ್ಕೆ ತೂಕವಿಲ್ಲವೆಂದು ಹೊಳೆದಿರಲಿಲ್ಲ. ನಮ್ಮ ಗಾಡಿಮನೆಯೋ ವೇಬ್ರಿಡ್ಜಿನಲ್ಲಿ ಒಂಬತ್ತು ಕ್ವಿಂಟಾಲ್ ತೂಗಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹಟ ಬಂತು.

ಮರುದಿನ ಲೋಡ್ ಮೊದಲು, ಘಾಟಿ ಆಮೇಲೆ ಕೇಳಿದೆ. ಅಕ್ಕಿ ಹೇರಿದ್ದ ಹಿರಿಯ ಡ್ರೈವರ್ ಬೀಡಿ ಆರಿಸಿ ನಿಧಾನವಾಗಿ ಹೇಳಿದರು: "ದೇವಿಮನೆ ಬ್ಯಾಡ ತಂಗಿ, ತುಂಬಿದ ಗಾಡಿಗೆ ಮೊದಲನೇ ಗೇರು ಕೇಳತೈತೆ. ಅರಬೈಲಿಗೆ ಹೋಗ್ರಿ. ಸುತ್ತಾಗತೈತೆ, ಆದ್ರ ಎರಡನೇ ಗೇರು ಸಾಕು. ಹತ್ತೋ ಗೇರಿನಾಗೇ ಇಳೀಬೇಕು. ಬ್ರೇಕ್ ಒತ್ತಿಕೊಂಡು ಕೂತ್ರ ಚಕ್ರದಾಗಿನ ಬ್ರೇಕ್ ಡ್ರಮ್ ಸುಡತೈತೆ."

ಎಲ್ಲಿ ಇಳಿಜಾರು ಶುರು, ಎಲ್ಲಿ ನಿಲ್ಲಲು ಜಾಗ, ಎಲ್ಲವನ್ನೂ ಬರೆದುಕೊಂಡು ಬಂದೆ. ಇವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದರು. ಎದ್ದು ಹೋಗಿ ಗಾಡಿಮನೆಯ ಕೊಂಡಿಗೆ ಗ್ರೀಸ್ ಹಚ್ಚತೊಡಗಿದರು.

ಆ ವಾರವೇ ಹೊರಟೆವು. ಅರಬೈಲಿನ ನೆತ್ತಿಯಲ್ಲಿ ಎರಡನೇ ಗೇರು ಹಾಕಿದೆ. ಅಷ್ಟು ಖುಷಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು, ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಇವರು ಬಾಗಿಲ ಹಿಡಿ ಬಿಡಲೇ ಇಲ್ಲ.

ಘಾಟಿಯ ಬುಡದಲ್ಲಿ ನಿಲ್ಲಿಸಲು ಹೇಳಿದರು. ಇಳಿದು, ಜೀಪಿನ ನಾಲ್ಕೂ ಚಕ್ರಗಳ ಹತ್ತಿರ ಬಗ್ಗಿ, ಬಿಸಿಯಾಗಿದೆಯೇ ಎಂದು ಅಂಗೈ ಇಟ್ಟು ನೋಡಿದರು. ವಾಪಸ್ ಬಂದು ನನ್ನ ಪಕ್ಕ ಕೂತರು.

"ನಾನಾಗಿದ್ರ ಡ್ರಮ್ ಸುಟ್ಟಿರ್ತಿದ್ದೆ," ಎಂದರು.