ಸರ್ಕಾರಕ್ಕೆ ಹೆಚ್ಚಿಗೆ ಕೊಟ್ಟ ನೂರೊಂದು ರೂಪಾಯಿ

ನಮ್ಮ ಮೇಲಿನಕೇರಿಗೆ ನಲ್ಲಿ ಬರಲಿ ಎಂಬ ಒಂದೇ ಆಸೆಗೆ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತು ಗೆದ್ದವಳು ನಾನು. ಗುಡ್ಡದ ಬುಡದ ಬಾವಿಯಿಂದ ದಿನಾ ಎಂಟು ಕೊಡ ನೀರು ಹೊತ್ತು ಹತ್ತುವವಳಿಗೆ ಬೇರೆ ಯಾವ ರಾಜಕೀಯ ಬೇಕು?

ಅಷ್ಟರಲ್ಲಿ ಸರ್ಕಾರ ಒಂದು ಹೊಸ ಏರ್ಪಾಡು ಮಾಡಿತು. ತನ್ನ ಬಳಿ ಸುಮ್ಮನೆ ಬಿದ್ದಿರುವ ಹಣವನ್ನು ಮೂರು ತಿಂಗಳ ಮಟ್ಟಿಗೆ ಪಂಚಾಯ್ತಿಗಳಿಗೆ ಸಾಲ ಕೊಡುವುದು, ಮನೆಗಂದಾಯ ವಸೂಲಾದ ಮೇಲೆ ಸಣ್ಣ ಬಡ್ಡಿಯೊಂದಿಗೆ ವಾಪಸ್ ಪಡೆಯುವುದು. ವಾಯಿದೆಯೊಳಗೆ ತೀರಿಸಿದವರಿಗೆ ಮಾತ್ರ ಎರಡನೇ ಸಾಲ. ಮೊದಲನೆಯದು ಕೆಳಗಿನಕೇರಿಯ ಮೋಟಾರಿಗೆ ಹೋಯಿತು. ಹೋಗದೆ ಇರುತ್ತದೆಯೆ, ಅಧ್ಯಕ್ಷೆಯ ಮನೆ ಇರುವುದೇ ಅಲ್ಲಿ! ಎರಡನೆಯದು ನಮ್ಮ ಪೈಪಿಗೆ ಎಂದು ಠರಾವಾಗಿತ್ತು.

ವಾಯಿದೆಯ ಕೊನೆಯ ದಿನ ಅಧ್ಯಕ್ಷೆಯೂ ನಾನೂ ಚೆಕ್ ಹಿಡಿದು ಹೊಸನಗರದ ಕಚೇರಿಗೆ ಹೋದೆವು. ಗುಮಾಸ್ತರು ಅದನ್ನು ಎರಡೆರಡು ಸಲ ನೋಡಿದರು.

"ನೂರೊಂದು ರೂಪಾಯಿ ಜಾಸ್ತಿ ಇದೆಯಲ್ರೀ, ಎಂತಕ್ಕೆ?"

"ನಾನೇ ಬರ್ದಿದ್ದು," ಎಂದರು ಅಧ್ಯಕ್ಷೆ ಹೆಮ್ಮೆಯಿಂದ. "ಕಷ್ಟಕ್ಕೆ ಕೊಟ್ಟವರ ಪಾತ್ರೆನ ಯಾರಾದ್ರೂ ಖಾಲಿ ವಾಪಸ್ ಕೊಡ್ತಾರೇನ್ರೀ? ಒಂದು ಚೂರು ಬೆಲ್ಲನಾದ್ರೂ ಹಾಕಿ ಕೊಡಲ್ವಾ? ಆ ನೂರೊಂದು ನನ್ನ ಕೈಯಿಂದ್ಲೇ ಕಟ್ಟಿದೀನಿ."

"ಅಮ್ಮಾ, ಕಂಪ್ಯೂಟರಿಗೆ ಬೆಲ್ಲ ಹಿಡಿಸಲ್ಲ. ಸರಿಯಾದ ಲೆಕ್ಕದ್ದು ಬೇರೆ ಚೆಕ್ ತನ್ನಿ. ಐದು ಗಂಟೆ ಒಳಗೆ."

ನನಗೆ ಮೈಯೆಲ್ಲ ಉರಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಪೂಜಾರಿಯೂ ಒಪ್ಪಿದ್ದರು, ಕೆಡಿಸಿದ್ದು ಭಕ್ತೆ. ಚೆಕ್ ಪುಸ್ತಕವೇನೋ ಅಧ್ಯಕ್ಷೆಯ ಚೀಲದಲ್ಲೇ ಇತ್ತು, ಆದರೆ ಹೊಸ ಚೆಕ್ಕಿಗೆ ಪಿಡಿಒ ಸಹಿಯೂ ಬೇಕು. ಆ ಪುಣ್ಯಾತ್ಮರು ಹಿಂದಿನ ದಿನವೇ ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿ, ತಂಗಿಯ ನಿಶ್ಚಿತಾರ್ಥಕ್ಕೆಂದು ಸಾಗರಕ್ಕೆ ಹೋಗಿ ಕೂತಿದ್ದರು.

ಬಾಡಿಗೆ ಜೀಪು ಹತ್ತಿದೆವು.

"ನಿಮ್ಮ ಬೆಲ್ಲಕ್ಕಿಷ್ಟು ಬೆಂಕಿ ಬೀಳ್ಲಿ," ಎಂದು ಅಧ್ಯಕ್ಷೆಯ ಮುಖಕ್ಕೇ ಹೇಳಿದೆ.

ಅವರು ನನ್ನ ಕೈ ಹಿಡಿದುಕೊಂಡು, "ನಿನ್ನ ನೀರು ತಪ್ಪಿದ್ರೆ ನಾನು ರಾಜೀನಾಮೆ ಕೊಡ್ತೀನಿ ಕಣೇ," ಎಂದರು.

"ನಿಮ್ಮ ರಾಜೀನಾಮೆನ ಕೊಡದಲ್ಲಿ ತುಂಬ್ಕೊಳ್ಲಾ?" ಎಂದೆ. ಅಷ್ಟು ಸಿಟ್ಟಿನಲ್ಲೂ ಇಬ್ಬರಿಗೂ ನಗು ಬಂತು.

ಪಿಡಿಒ ಊಟದ ಪಂಕ್ತಿಯಲ್ಲಿದ್ದರು. ಪಾಯಸದ ಕೈ ತೊಳೆದು ಬಂದು ಸಹಿ ಹಾಕಿದರು. ಅವರ ತಾಯಿ, "ಉಣ್ಣದೆ ಹೋಗೋದುಂಟಾ?" ಎಂದು ಬಾಗಿಲಿಗೆ ಅಡ್ಡ ನಿಂತರು. ಅಧ್ಯಕ್ಷೆಗೆ ಇಂಥ ಮಾತು ಮೀರಿ ಗೊತ್ತಿಲ್ಲ, ಕಾಲು ನಿಂತೇಬಿಟ್ಟಿತು. ಸೆರಗು ಹಿಡಿದು ಎಳೆದುಕೊಂಡು ಬಂದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಗುಮಾಸ್ತರು ರಸೀದಿ ಕೊಟ್ಟರು.

ಎರಡನೇ ಸಾಲ ಬಂತು, ಪೈಪು ಗುಡ್ಡ ಹತ್ತಿತು, ನಮ್ಮ ಅಡುಗೆಮನೆಯ ಬಾಗಿಲಲ್ಲೇ ನಲ್ಲಿ ನಿಂತಿತು. ಮೊದಲ ದಿನ ಕೊಡ ತುಂಬಿಸಿ, ಸೊಂಟಕ್ಕೇರಿಸಿ ನಾಲ್ಕು ಹೆಜ್ಜೆ ನಡೆದುಬಿಟ್ಟೆ. ಎಲ್ಲಿಗೆ ಹೊರಟೆ? ಮನೆ ಬೆನ್ನ ಹಿಂದೆಯೇ ಇತ್ತು. ಮದುವೆಯಾಗಿ ಬಂದ ಮಾರನೆಯ ದಿನದಿಂದ ಹೊತ್ತಿದ್ದೆ. ಇನ್ನು ಹೊತ್ತು ಹತ್ತಲು ಗುಡ್ಡವೇ ಇಲ್ಲ ಎಂದು ತಿಳಿದು, ಕೊಡ ಇಳಿಸಿ, ಅಲ್ಲೇ ಕೂತು ಅತ್ತುಬಿಟ್ಟೆ.